ಹಿಂದೆ ಯಾರೂ ಇಲ್ಲದ ಗಾಡಿ

ಬೀದರ
10 ಸೆಪ್ಟೆಂಬರ್ 2024

ಪಪ್ಪಾ,

ಕರ್ತನ ದಯದಿಂದ ನಾನು ಆರಾಮಾಗಿದ್ದೇನೆ. ನಿಮ್ಮ ಮೇಲೆ ಸಿಟ್ಟು ಬಂದಿರುವುದೊಂದು ಬಿಟ್ಟರೆ ಉಳಿದದ್ದೆಲ್ಲ ಕ್ಷೇಮ.

ಇವತ್ತು ಬೆಳಿಗ್ಗೆ ಡ್ಯೂಟಿಗೆ ಹೊರಟಿದ್ದೆ. ಕುತುಬೋದ್ದೀನ ಚಾಚಾ ನಮ್ಮ ಆಸ್ಪತ್ರೆಯ ಗೇಟಿನ ಮುಂದೆ ಭಾಲ್ಕಿ ಬಸ್ಸು ನಿಧಾನ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: “ಸಿಸ್ಟರ್, ಐತವಾರ ನಿಮ್ಮ ಪಪ್ಪಾ ಕಾರಿನ ರೇಸಿನ್ಯಾಗ ಗಾಡಿ ಏನ್ ಹೊಡದಾರ್ರೀ! ಮಣ್ಣು ಮುಗಿಲಿಗೆ ಹತ್ತಿತ್ತು! ನೀವ್ಯಾಕ ಬಂದಿದ್ದಿಲ್ಲ?” ಯಾಕೆ ಬಂದಿರಲಿಲ್ಲ ಅಂದರೆ ನನಗೆ ಗೊತ್ತೇ ಇರಲಿಲ್ಲ. ಭಾಲ್ಕಿಯಿಂದ ಬೀದರಿಗೆ ಬಂದು, ಊರ ಹೊರಗಿನ ಬಯಲಲ್ಲಿ ರೇಸ್ ಓಡಿಸಿ, ಮಗಳ ಮನೆಯ ಕಡೆ ತಿರುಗಿಯೂ ನೋಡದೆ ವಾಪಸು ಹೋಗಿದ್ದೀರಿ. ಕಳ್ಳರೂ ಇಷ್ಟು ಸದ್ದಿಲ್ಲದೆ ಬಂದು ಹೋಗುವುದಿಲ್ಲ.

ಫೋನಿನಲ್ಲಿ ಬೈಯೋಣ ಅಂದರೆ ನಿಮ್ಮ ಕಿವಿಯನ್ನು ಬಸ್ಸಿನ ಇಂಜಿನ್ನು ಯಾವತ್ತೋ ತಿಂದು ಕೂತಿದೆ. ಮೊಬೈಲಿನಲ್ಲಿ ಬರೆದರೆ ಕನ್ನಡಕ ಸಿಗಲಿಲ್ಲ ಅನ್ನುತ್ತೀರಿ. ಅದಕ್ಕೇ ನಮ್ಮ ಹಳೆಯ ಪದ್ಧತಿ, ಪತ್ರ ಬರೆದು ಚಾಚಾನ ಬಸ್ಸಿಗೆ ಕೊಡುವುದು.

ಪಪ್ಪಾ, ನಾನು ಕೆಲಸ ಮಾಡುವುದು ಮೂಳೆ ಮುರಿದವರ ವಾರ್ಡಿನಲ್ಲಿ. ನಿಮ್ಮ ವಯಸ್ಸಿನವರು ಬಚ್ಚಲಲ್ಲಿ ಕಾಲು ಜಾರಿ ಬಂದರೇ ಎದ್ದು ನಡೆಯಲು ತಿಂಗಳುಗಟ್ಟಲೆ ಬೇಕು. ಗಾಡಿ ಮಗುಚಿ ಬಂದವರನ್ನು ನೀವು ನೋಡಿಲ್ಲ, ನಾನು ವಾರಕ್ಕೊಬ್ಬರನ್ನು ನೋಡುತ್ತೇನೆ. ಅವರ ಮಕ್ಕಳು ಬಾಗಿಲಲ್ಲಿ ಹೇಗೆ ನಿಂತಿರುತ್ತಾರೆ ಅನ್ನುವುದನ್ನೂ ನೋಡುತ್ತೇನೆ. ಅರವತ್ತಕ್ಕೆ ಅರಳು ಮರಳು ಅಂತ ಅವ್ವ ನಗುತ್ತಿದ್ದಳು, ನೀವು ಅದನ್ನು ನಿಜ ಮಾಡಬೇಡಿ. ಅವ್ವ ಹೋಗಿ ಮೂರು ವರ್ಷ. ನನಗೆ ಉಳಿದಿರುವುದು ನೀವೊಬ್ಬರು.

ಇದು ಇಲ್ಲಿಗೇ ಮುಗಿಯಲಿ. ಬಿಪಿ ಗುಳಿಗೆ ಮುಗಿದಿದ್ದರೆ ತಿಳಿಸಿ.

ನಿಮ್ಮ
ಕರುಣಾ

ಭಾಲ್ಕಿ
15 ಸೆಪ್ಟೆಂಬರ್ 2024

ಕರುಣಾ ಮಗಳೇ,

ನಿನ್ನ ಪತ್ರ ಕೈಗೆ ಕೊಡುವಾಗಲೇ ಕುತುಬೋದ್ದೀನ ಹೇಳಿದ, “ಭಾಯಿ, ಪಾಕೀಟು ಸುಡಲಿಕತ್ತದ, ಸಂಭಾಳ್ಸಿ ತೆಗೀರಿ.” ತೆಗೆದೆ, ಓದಿದೆ. ಬೈದದ್ದೆಲ್ಲ ಸರಿಯಾಗಿಯೇ ಇದೆ. ನಿನ್ನ ಮನೆಗೆ ಬಾರದೆ ಹೋದದ್ದು ಯಾಕೆಂದರೆ, ಬಂದಿದ್ದರೆ ನನ್ನ ಅಂಗಿಯ ಮಣ್ಣು ನೋಡಿ ನೀನು ಕೇಳುತ್ತಿದ್ದೆ, ನಾನು ಹೇಳಿಬಿಡುತ್ತಿದ್ದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ ಅಂತ ನಿನಗೂ ಗೊತ್ತು.

ಆದದ್ದಿಷ್ಟು. ಪಕ್ಕದ ಮನೆಯ ಮಹಮೂದಾ ಬೇಗಂ, ಉರ್ದು ಸಾಲಿಯ ಟೀಚರ್ ಆಗಿದ್ದವರು, ಅವರ ತೀರಿಕೊಂಡ ಯಜಮಾನರ ಹಳೆಯ ಮಾರುತಿ ಕಾರು ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ದಿನಾ ಅದನ್ನು ಒರೆಸುವುದು ನನ್ನ ಕೆಲಸ. ಒಂದು ದಿನ ಅವರು ಪೇಪರು ತಂದು ನನ್ನ ಮುಂದೆ ಹಿಡಿದರು. ಹವ್ಯಾಸಿಗಳಿಗೆ ಕಾರ್ ರೇಸ್, ಅರವತ್ತು ದಾಟಿದವರಿಗೆ ಬೇರೆ ವಿಭಾಗ. “ಸ್ಯಾಮ್ಯುಯೆಲ ಭಾಯಿ, ಗಾಡಿ ಆಗ್ಲಿ ಮನಷ್ಯಾ ಆಗ್ಲಿ, ನಿಂತಲ್ಲೇ ನಿಂತ್ರ ಜಂಗ್ ಹತ್ತತದ, ತುಕ್ಕು ತಿಂತದ” ಅಂದರು. ನನಗೆ ಕಿವಿ ಕೇಳದಿದ್ದರೂ ಆ ಮಾತು ಕೇಳಿಸಿತು.

ನೀನು ಹೆದರಿದ ಹಾಗೆ ಅಲ್ಲಿ ಗಾಡಿಗೆ ಗಾಡಿ ತಾಗುವುದಿಲ್ಲ. ಮಣ್ಣಿನ ಬಯಲಿನಲ್ಲಿ ಕಂಬ ನೆಟ್ಟು ಹಾದಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಗಾಡಿ. ಗಡಿಯಾರದ ಜೊತೆ ಓಟ. ತಲೆಗೆ ಟೋಪಿ, ಎದೆಗೆ ಪಟ್ಟಿ, ಎಲ್ಲ ಕಟ್ಟಿಯೇ ಬಿಡುತ್ತಾರೆ. ನಿಲ್ಲು, ಹೊರಡು ಅನ್ನುವುದೆಲ್ಲ ಬಾವುಟದಲ್ಲಿ, ಕಿವಿಗೆ ಕೆಲಸವೇ ಇಲ್ಲ.

ಇನ್ನು ಯಾಕೆ ಅನ್ನುವ ಮಾತು. ಮಗಾ, ನಾನು ಮೂವತ್ತು ವರ್ಷ ಬಸ್ಸು ಓಡಿಸಿದೆ. ಔರಾದ, ಠಾಣಾ ಕುಶನೂರ, ಕೊನೆಗೆ ಈ ಭಾಲ್ಕಿ ಬೀದರ. ಅಷ್ಟು ವರ್ಷವೂ ನನ್ನ ಅರ್ಧ ಕಣ್ಣು ರಸ್ತೆಯ ಮೇಲೆ, ಅರ್ಧ ಕಣ್ಣು ಕನ್ನಡಿಯಲ್ಲಿ. ಕನ್ನಡಿಯಲ್ಲಿ ಬಸುರಿ ಹೆಂಗಸು, ತೊಗರಿ ಚೀಲ ತಬ್ಬಿಕೊಂಡ ಮುದುಕ, ನಿಂತಲ್ಲೇ ತೂಕಡಿಸುವ ಕಾಲೇಜು ಹುಡುಗರು. ಗುಂಡಿ ಬಂದರೆ ಮೊದಲು ಆ ಬಸುರಿಯ ನೆನಪು, ಆಮೇಲೆ ನನ್ನ ಬೆನ್ನಿನದು. ಯಾರ ಮೇಲೂ ನನಗೆ ಬೇಸರ ಇರಲಿಲ್ಲ, ಈಗಲೂ ಇಲ್ಲ. ಆದರೆ ಆ ಐತವಾರ ಮಾರುತಿಯಲ್ಲಿ ಕೂತು, ರೂಢಿಯಂತೆ ಕನ್ನಡಿ ನೋಡಿದೆ. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಬಾವುಟ ಬಿತ್ತು. ಆಮೇಲೆ ನಾನು ಹೇಗೆ ಓಡಿಸಿದೆ ಅಂತ ನನಗೇ ಗೊತ್ತಿಲ್ಲ. ಹಿಂದೆ ಯಾರೂ ಇಲ್ಲದ ಗಾಡಿ ಅಷ್ಟು ಹಗುರ ಇರುತ್ತದೆ ಅಂತ ಈ ವಯಸ್ಸಿನಲ್ಲಿ ತಿಳಿಯಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಸಿಕ್ಕಾಗ ಹಲ್ಲಿಲ್ಲ ಅನ್ನುತ್ತಾರೆ, ನನಗೆ ಒಂದೆರಡು ಹಲ್ಲು ಇನ್ನೂ ಇವೆ.

ಮುಂದಿನ ಸುತ್ತು ಡಿಸೆಂಬರಿನಲ್ಲಿ ಔರಾದದ ಹತ್ತಿರ. ಅಲ್ಲಿ ಮೊದಲ ಮೂವರಲ್ಲಿ ಬಂದರೆ ಪುಣೆಗೆ, ರಾಷ್ಟ್ರಮಟ್ಟದ ಹವ್ಯಾಸಿಗಳ ರೇಸಿಗೆ. ನಗಬೇಡ.

ಗುಳಿಗೆ ಇನ್ನೂ ಇವೆ.

ನಿನ್ನ ಪಪ್ಪಾ
ಸ್ಯಾಮ್ಯುಯೆಲ ಡ್ರೈವರ

ಬೀದರ
22 ಸೆಪ್ಟೆಂಬರ್ 2024

ಪಪ್ಪಾ,

ನಗಲಿಲ್ಲ. ಎರಡು ಸಲ ಓದಿದೆ.

ಹಿಂದೆ ಯಾರೂ ಇಲ್ಲ ಅಂದಿರಿ. ನಾನಿಲ್ಲವಾ?

ಗಾಡಿಯಲ್ಲಿ ಇರದಿರಬಹುದು. ಆದರೂ ಕೇಳುತ್ತಿದ್ದೇನೆ.

ಗುಳಿಗೆ ಕಳಿಸಿದ್ದೇನೆ. ಇವೆ ಅಂತ ನೀವು ಹೇಳಿದರೆ ನಾನು ನಂಬುವುದಿಲ್ಲ.

ಕರುಣಾ

ಭಾಲ್ಕಿ
19 ಅಕ್ಟೋಬರ್ 2024

ಕರುಣಾ ಮಗಳೇ,

ಪತ್ರ ಬರೆಯಲು ಇಷ್ಟು ದಿನ ಹಿಡಿಯಿತು. ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಸಿಗಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ಇಲ್ಲಿ ಸೋಯಾ ರಾಶಿ ನಡೆದಿದೆ, ಊರೆಲ್ಲ ದೂಳು. ನಾನು ಸಂಜೆ ಹೊತ್ತು ಮಾರುತಿ ತೆಗೆದುಕೊಂಡು ರೇಲ್ವೆ ಸ್ಟೇಶನ್ನಿನ ಆಚೆಯ ಖಾಲಿ ಜಾಗದಲ್ಲಿ ತಿರುಗಿಸುತ್ತೇನೆ. ಮಹಮೂದಾ ಬೇಗಂ ಕುರ್ಚಿ ಹಾಕಿಸಿಕೊಂಡು, ಛತ್ರಿ ಹಿಡಿದು ಕೂತು ತಪ್ಪು ಹುಡುಕುತ್ತಾರೆ. ನಿನ್ನೆ ಅವರು ಬಿದ್ದು ಬಿದ್ದು ನಕ್ಕರು. ಯಾಕೆಂದರೆ ಸುತ್ತ ಒಂದು ನಾಯಿಯೂ ಇಲ್ಲದ ಜಾಗದಲ್ಲಿ ನಾನು ಪ್ರತಿ ತಿರುವಿಗೂ ಇಂಡಿಕೇಟರ್ ಹಾಕುತ್ತೇನಂತೆ. “ಯಾರಿಗಿ ತೋರಸ್ತೀರಿ ಭಾಯಿ, ಕಾಗಿಗೇನು?” ಅಂತ ಕೇಳಿದರು. ಕೈಗೆ ಅಂಟಿದ್ದು ಬಿಡು ಅಂದರೆ ಬಿಡುತ್ತದೆಯೇ.

ಡಾಕ್ಟರರ ಹತ್ತಿರವೂ ಹೋಗಿ ಬಂದೆ. ಕಣ್ಣು, ಎದೆ, ಬಿಪಿ ಎಲ್ಲ ನೋಡಿದರು. ಚೀಟಿ ಇದರ ಜೊತೆ ಇಟ್ಟಿದ್ದೇನೆ, ನಿನಗೆ ನನ್ನ ಮಾತಿಗಿಂತ ಡಾಕ್ಟರರ ಅಕ್ಷರದ ಮೇಲೆ ಭರವಸೆ ಜಾಸ್ತಿ.

ಮಗಾ, ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಇದರ ಮೇಲೆ ಆಸೆ ಹುಟ್ಟಿದೆ. ನಿಮ್ಮವ್ವ ಹೋದ ಮೇಲೆ ಬೆಳಿಗ್ಗೆ ಏಳುವಾಗ ಇವತ್ತು ಇಂಥದ್ದು ಮಾಡಬೇಕು ಅಂತ ಅನಿಸಿದ್ದು ಈಗಲೇ. ಆದರೂ ನೀನು ಬೇಡ ಅಂದರೆ ನಾಳೆಯೇ ಕಾರಿನ ಕೀಲಿ ಬೇಗಂ ಅವರಿಗೆ ಕೊಟ್ಟುಬಿಡುತ್ತೇನೆ. ಮುಖ ಸಣ್ಣದು ಮಾಡಿಕೊಳ್ಳುವುದಿಲ್ಲ. ಬೇಡ ಅನ್ನುವ ಮೊದಲು ಒಂದು ಸಲ ಔರಾದಕ್ಕೆ ಬಂದು ನೋಡು, ಅಷ್ಟೇ ಬೇಡಿಕೆ.

ನಿನ್ನ ಪಪ್ಪಾ
ಸ್ಯಾಮ್ಯುಯೆಲ ಡ್ರೈವರ

ಬೀದರ
24 ನವೆಂಬರ್ 2024

ಪಪ್ಪಾ,

ಒಂದು ತಿಂಗಳು ಸುಮ್ಮನಿದ್ದೆ, ಕ್ಷಮಿಸಿ. ಬೇಡ ಅಂತ ಬರೆಯಲು ದಿನಾ ಕೂರುತ್ತಿದ್ದೆ. ಪ್ರತಿ ಸಲವೂ ‘ಬೆಳಿಗ್ಗೆ ಏಳುವಾಗ’ ಅಂತ ನೀವು ಬರೆದಿದ್ದ ಸಾಲು ಅಡ್ಡ ಬರುತ್ತಿತ್ತು.

ಡಿಸೆಂಬರ್ ಹದಿನೈದಕ್ಕೆ ರಜೆ ಹಾಕಿದ್ದೇನೆ. ಬೆಳಗಿನ ಬಸ್ಸಿಗೆ ಔರಾದಕ್ಕೆ ಬರುತ್ತೇನೆ. ಚರ್ಚಿನಲ್ಲಿ ಪಾಸ್ಟರಮ್ಮ ಯಾಕೆ ಆರಾಧನೆ ತಪ್ಪಿಸುತ್ತೀ ಅಂದರು. ನಮ್ಮ ಪಪ್ಪಾ ಕಾರ್ ರೇಸಿನಲ್ಲಿದ್ದಾರೆ ಅಂದೆ. ಅವರು “ಹಂಗಾದ್ರ ಅಲ್ಲೂ ಪ್ರಾರ್ಥನಾ ಬೇಕಾಗ್ತದ, ಹೋಗವ್ವಾ” ಅಂದರು.

ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ತರುತ್ತೇನೆ. ಬೇಗಂ ಅವರಿಗೂ ಹೇಳಿ, ಊಟ ನಂದು ಅಂತ.

ನಿಮ್ಮ
ಕರುಣಾ

ಭಾಲ್ಕಿ
17 ಡಿಸೆಂಬರ್ 2024

ಕರುಣಾ ಮಗಳೇ,

ನೀನು ಊಟ ಕೂಡ ಮಾಡದೆ ಬಸ್ಸು ಹತ್ತಿಬಿಟ್ಟೆ. ಡಬ್ಬಿ ನನ್ನ ಹತ್ತಿರವೇ ಉಳಿಯಿತು. ಹಿಂದಿನಿಂದ ಕೂಗಿದೆ, ನೀನು ತಿರುಗಲಿಲ್ಲ. ಮನೆಯಲ್ಲಿ ಕಿವುಡ ನಾನೊಬ್ಬನೇ ಅಂದುಕೊಂಡಿದ್ದೆ.

ಮೊದಲು ಫಲಿತಾಂಶ ಹೇಳುತ್ತೇನೆ. ಎರಡು ಓಟದಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನು ಹಿಡಿಯುತ್ತಾರೆ. ನನ್ನ ಮೊದಲನೆಯ ಓಟ ಹಿಡಿದರು. ಮೂರನೆಯವನಾಗಿ ಬಂದೆ. ಪುಣೆಯ ಕಾಗದ ಕೈಗೆ ಕೊಟ್ಟಿದ್ದಾರೆ.

ಎರಡನೆಯ ಓಟದ ವಿಷಯ. ಕೊನೆಯ ತಿರುವಿನಲ್ಲಿ ಗಾಡಿ ಒಂದು ಮಗ್ಗುಲಿಗೆ ಎದ್ದ ಹಾಗಾಯಿತು, ಅದು ನನಗೂ ಗೊತ್ತು. ಹಗ್ಗದ ಆಚೆ ನೀನು ನಿಂತಿದ್ದೆ. ನೀನು ಕೈ ಎತ್ತಿದೆ. ನಾನು ನಿಲ್ಲಿಸಿದೆ. ಇಷ್ಟೇ ಆದದ್ದು. ರಸ್ತೆ ಬದಿ ಹೆಣ್ಣುಮಗಳೊಬ್ಬಳು ಕೈ ಎತ್ತಿದರೆ ನಿಲ್ಲಿಸದೆ ಹೋಗುವುದನ್ನು ನಾನು ಕಲಿತೇ ಇಲ್ಲ. ನಿಲ್ಲಿಸಿದ್ದಷ್ಟೇ ಅಲ್ಲ, ಹತ್ತುವವರಿಗೆ ಬಾಗಿಲು ತೆಗೆಯಲು ಎಡಗಡೆ ಬಗ್ಗಿದೆ ಕೂಡ. ಜನ ನಕ್ಕರು. ನಗಲಿ ಬಿಡು, ನಗುವಂಥದ್ದೇ.

ಯಾಕೆ ನಿಂತಿರಿ ಅಂತ ರೇಸಿನವರು ಕೇಳಿದರು. ಬ್ರೇಕ್ ಹಿಡಿದುಕೊಂಡುಬಿಟ್ಟಿತು ಅಂದೆ. ಬೇಗಂ ಅವರಿಗೆ ಸಿಟ್ಟು ಬಂದಿದೆ, “ನನ್ನ ಗಾಡಿಗಿ ಯಾಕ ಕೆಟ್ಟ ಹೆಸರು ತರ್ತೀರಿ ಭಾಯಿ, ಬ್ರೇಕ್ ಬಂಗಾರದಂಗ ಅದ” ಅಂತ. ಅವರಿಗೂ ನಿಜ ಹೇಳಲಿಲ್ಲ. ನಿನ್ನ ಹೆಸರು ಯಾರ ಬಾಯಿಗೂ ಬಂದಿಲ್ಲ. ನೀನೂ ಹೇಳಬೇಡ.

ಪುಣೆ ಬೇಡ ಅನಿಸುತ್ತಿದೆ. ಇಷ್ಟು ಸಾಕು. ಆಸೆ ತೀರಿತು. ನಿನ್ನ ಮುಖದಲ್ಲಿ ಆ ಹೊತ್ತು ಬಣ್ಣವೇ ಇರಲಿಲ್ಲ ಮಗಾ. ಅದನ್ನು ಇನ್ನೊಂದು ಸಲ ನೋಡುವ ಧೈರ್ಯ ನನಗಿಲ್ಲ.

ರೊಟ್ಟಿ ನಾನೂ ಬೇಗಂ ಅವರೂ ತಿಂದೆವು. ಪುಂಡಿಪಲ್ಯದಲ್ಲಿ ಬೆಳ್ಳುಳ್ಳಿ ಒಂದೆಸಳು ಹೆಚ್ಚಾಗಿತ್ತು.

ನಿನ್ನ ಪಪ್ಪಾ

ಭಾಲ್ಕಿ
2 ಜನವರಿ 2025

ಕರುಣಾ,

ಕುತುಬೋದ್ದೀನ ಇವತ್ತೂ ಬರಿಗೈಯಲ್ಲಿ ಬಂದ. ಹಬ್ಬಕ್ಕೆ ನೀನು ಬರಲಿಲ್ಲ. ಡ್ಯೂಟಿ ಇತ್ತು ಅಂತ ನೀನು ಅವನ ಹತ್ತಿರ ಹೇಳಿ ಕಳಿಸಿದೆ. ಇತ್ತೋ, ಹಾಕಿಸಿಕೊಂಡೆಯೋ, ಕೇಳುವುದಿಲ್ಲ.

ಕ್ರಿಸ್ಮಸ್ ಕೇಕು ಇಟ್ಟಿದ್ದೆ, ಗಟ್ಟಿಯಾಗುತ್ತಾ ಬಂತು, ಅದಕ್ಕೆ ಕಳಿಸಿದ್ದೇನೆ. ಚಹಾದಲ್ಲಿ ಅದ್ದಿಕೊಂಡು ತಿನ್ನು. ಹೊಸ ವರ್ಷದ ಆಶೀರ್ವಾದ.

ಎರಡು ಅಕ್ಷರ ಬರೆ.

ಪಪ್ಪಾ

ಬೀದರ
12 ಜನವರಿ 2025

ಪಪ್ಪಾ,

ಕೇಕು ತಿಂದೆ. ಅಳುತ್ತಾ ತಿಂದೆ, ಅದಕ್ಕೆ ರುಚಿ ಗೊತ್ತಾಗಲಿಲ್ಲ.

ಡ್ಯೂಟಿ ಹಾಕಿಸಿಕೊಂಡೆ. ನಿಮಗೆ ಮುಖ ತೋರಿಸಲು ಆಗಲಿಲ್ಲ. ನೀವು ಸುಳ್ಳು ಹೇಳಲು ಬಾರದ ಮನುಷ್ಯ. ಅಷ್ಟು ಜನರ ಮುಂದೆ ನಿಂತು, ಚೆನ್ನಾಗಿದ್ದ ಬ್ರೇಕಿನ ಮೇಲೆ ತಪ್ಪು ಹೊರಿಸಿದಿರಿ, ನನಗೋಸ್ಕರ. ವಾರ್ಡಿನಲ್ಲಿ ಒಬ್ಬ ಹುಡುಗ ಮೊಬೈಲಿನಲ್ಲಿ ಆ ವಿಡಿಯೋ ನೋಡಿ ನಗುತ್ತಿದ್ದ, ‘ಬಸ್ ಅಜ್ಜ’ ಅಂತ ಹೆಸರು ಇಟ್ಟಿದ್ದಾರೆ. ಅವನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದವಳು ನಾನೇ. ಗಟ್ಟಿಯಾಗಿ ಬಿಗಿದುಬಿಡೋಣ ಅನಿಸಿತ್ತು, ಕರ್ತನು ಕ್ಷಮಿಸಲಿ.

ನಾನು ಕೈ ಎತ್ತಬೇಕು ಅಂತ ಎತ್ತಲಿಲ್ಲ ಪಪ್ಪಾ. ಗಾಡಿ ಮಗ್ಗುಲಾದದ್ದು ಕಂಡಿತು, ಕೈ ತಾನಾಗಿ ಮೇಲೆ ಹೋಯಿತು. ಹೋದ ಮೇಲೆ ಅದು ಯಾರ ಕೈ ಅಂತ ಗೊತ್ತಾಯಿತು. ಠಾಣಾ ಕುಶನೂರಿನಲ್ಲಿ ನಾವಿದ್ದಾಗ ಮಧ್ಯಾಹ್ನದ ಬಸ್ಸಿಗೆ ಅವ್ವ ನಿಮ್ಮ ಊಟದ ಡಬ್ಬಿ ಹಿಡಿದು ರಸ್ತೆಗೆ ಬರುತ್ತಿದ್ದಳು. ನಾನು ಅವಳ ಸೆರಗು ಹಿಡಿದಿರುತ್ತಿದ್ದೆ. ಅವಳು ಹೀಗೇ, ಮೊಣಕೈ ಮಡಿಸದೆ, ಕೈ ಎತ್ತುತ್ತಿದ್ದಳು. ತುಂಬಿದ ಬಸ್ಸು ನಿಲ್ಲುತ್ತಿತ್ತು. ನೀವು ಡಬ್ಬಿ ತೆಗೆದುಕೊಂಡು ಅವಳನ್ನೊಂದು ಸಲ ನೋಡಿ, ನನ್ನ ಕೆನ್ನೆ ಚಿವುಟಿ ಹೊರಡುತ್ತಿದ್ದಿರಿ. ಒಳಗಿದ್ದವರು ಒಬ್ಬರೂ ಗೊಣಗುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮವ್ವ ಕೈ ಎತ್ತಿದರೆ ಏನು ಬೇಕಾದರೂ ನಿಲ್ಲುತ್ತದೆ ಅಂತ ನಂಬಿದ್ದೆ.

ಬೆನ್ನಿನ ಮೇಲೆ ಯಾರೂ ಇಲ್ಲದೆ ಒಮ್ಮೆ ಓಡಿಸಬೇಕು ಅಂತ ನೀವು ಹೊರಟದ್ದು. ಅಲ್ಲಿಗೂ ಬಂದು ನಿಮ್ಮನ್ನು ನಿಲ್ಲಿಸಿಬಿಟ್ಟೆನಲ್ಲ ಅಂತ ನನಗೆ ನನ್ನ ಮೇಲೆಯೇ ಬೇಸರ.

ನೀವು ಪುಣೆಗೆ ಹೋಗಬೇಕು. ಈ ಮಾತು ನಾನು ಹೇಳುತ್ತಿದ್ದೇನೆ, ಸೆಪ್ಟೆಂಬರಿನಲ್ಲಿ ಬೈದವಳೇ. ನಾನು ಬರುವುದಿಲ್ಲ.

ನಿಮ್ಮ
ಕರುಣಾ

ಭಾಲ್ಕಿ
20 ಜನವರಿ 2025

ಕರುಣಾ ಮಗಳೇ,

ಇದು ಒಳ್ಳೆ ಕತೆಯಾಯಿತು. ನಾನು ಹೋಗುತ್ತೇನೆ ಅಂದಾಗ ನೀನು ಬೇಡ ಅಂದೆ. ನಾನು ಬೇಡ ಅಂದರೆ ನೀನು ಹೋಗು ಅನ್ನುತ್ತೀ. ನಿಮ್ಮವ್ವನೂ ಹೀಗೇ ಇದ್ದಳು, ಅವಳ ಜೊತೆ ಮೂವತ್ತು ವರ್ಷ ತೆಗೆದ ನನಗೆ ಇದೇನು ಹೊಸದಲ್ಲ.

ನೀನು ಬರುವುದಿಲ್ಲ ಅಂದರೆ ನಾನೂ ಹೋಗುವುದಿಲ್ಲ. ನೋಡುವ ನಮ್ಮವರು ಒಬ್ಬರೂ ಇಲ್ಲದ ಊರಿನಲ್ಲಿ ಗಾಡಿ ಓಡಿಸಿ ಏನು ಮಾಡಲಿ? ಗೆದ್ದರೆ ಯಾರ ಕಡೆ ನೋಡಲಿ, ಸೋತರೆ ಯಾರ ಕಡೆ ನೋಡಲಿ?

ಇನ್ನೊಂದಿದೆ. ಇದನ್ನು ಬೇಗಂ ಅವರಿಗೂ ಹೇಳಿಲ್ಲ. ನನಗೆ ಹೆದರಿಕೆಯಾಗುತ್ತಿದೆ. ಗಾಡಿ ಬೀಳುತ್ತದೆ ಅಂತಲ್ಲ. ಔರಾದದಲ್ಲಿ ಆ ತಿರುವಿಗೆ ಬರುವಾಗ ನನಗೆ ಏನೂ ನೆನಪಿರಲಿಲ್ಲ. ನೀನೂ ಇರಲಿಲ್ಲ, ನಿಮ್ಮವ್ವನೂ ಇರಲಿಲ್ಲ, ನಾನು ಮುದುಕ ಅನ್ನುವುದೂ ಇರಲಿಲ್ಲ. ಬಹಳ ಸುಖವಾಗಿತ್ತು ಮಗಾ. ಆಮೇಲೆ ನಿನ್ನ ಮುಖ ಕಂಡಿತು, ಛೀ, ನಾನು ಇವಳನ್ನು ಮರೆತುಬಿಟ್ಟಿದ್ದೆನಲ್ಲ ಅನಿಸಿತು. ಹೆತ್ತ ಮಗಳನ್ನು ಮರೆಸುವ ಸುಖ ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯುತ್ತಿಲ್ಲ. ಸೆಪ್ಟೆಂಬರಿನಲ್ಲಿ ನೀನು ಕೇಳಿದೆಯಲ್ಲ, ನಾನಿಲ್ಲವಾ ಅಂತ. ಅದಕ್ಕೆ ಉತ್ತರ ಕೊಡಲು ನನಗೆ ಆಗದಿದ್ದದ್ದು ಇದಕ್ಕೇ.

ಫೆಬ್ರವರಿ ಹತ್ತರೊಳಗೆ ಬರುತ್ತೇನೋ ಇಲ್ಲವೋ ತಿಳಿಸಬೇಕಂತೆ. ನೀನು ಬಂದರೆ ಹೋಗುತ್ತೇನೆ. ಇಲ್ಲದಿದ್ದರೆ ಇಲ್ಲ.

ನಿನ್ನ ಪಪ್ಪಾ
ಸ್ಯಾಮ್ಯುಯೆಲ

ಬೀದರ
4 ಫೆಬ್ರವರಿ 2025

ಪಪ್ಪಾ,

ನಿಮ್ಮ ಪತ್ರ ಎರಡು ವಾರದಿಂದ ನನ್ನ ಏಪ್ರನ್ನಿನ ಜೇಬಿನಲ್ಲಿದೆ. ಒಗೆಯಲು ಹಾಕುವಾಗ ತೆಗೆಯುತ್ತೇನೆ, ಮತ್ತೆ ಇಟ್ಟುಕೊಳ್ಳುತ್ತೇನೆ.

ಮೊನ್ನೆ ವಾರ್ಡಿನಲ್ಲಿ ಒಬ್ಬ ಅಜ್ಜಿಯನ್ನು ಮೊದಲ ಸಲ ನಡೆಸಬೇಕಿತ್ತು. ಇಲ್ಲೇ ಹತ್ತಿರದ ಅಷ್ಟೂರು ಹಳ್ಳಿಯವರು, ಸೊಂಟ ಮುರಿದುಕೊಂಡು ಬಂದವರು. ಅವರ ಮಗಳು ಪಕ್ಕದಲ್ಲೇ ನಿಂತು, ತೋಳು ಹಿಡಿದು “ಹುಷಾರ್, ಹುಷಾರ್, ಬೀಳ್ತಿ ಬೇ” ಅನ್ನುತ್ತಿದ್ದಳು. ಅಜ್ಜಿ ಒಂದು ಹೆಜ್ಜೆಯೂ ಎತ್ತಲಿಲ್ಲ. ನಾನು ಮಗಳನ್ನು ಹೊರಗೆ ಕಳಿಸಿದೆ. ಬಾಗಿಲು ಹಾಕಿದೆ. ಅಜ್ಜಿ ಕಿಟಕಿಯ ತನಕ ನಡೆದುಹೋದರು. ದಿನಾ ನಾನು ಬೇರೆಯವರಿಗೆ ಮಾಡುವ ಕೆಲಸ ಇದು, ನನ್ನ ಮನೆಯ ವಿಷಯಕ್ಕೆ ಮಾತ್ರ ಬುದ್ಧಿಗೆ ಹೊಳೆದಿರಲಿಲ್ಲ.

ಪಪ್ಪಾ, ನಾನು ಅಲ್ಲಿ ನಿಂತರೆ ನೀವು ನಿಧಾನ ಮಾಡುತ್ತೀರಿ. ನಾನು ಕೈ ಕಟ್ಟಿಕೊಂಡು ನಿಂತರೂ ಮಾಡುತ್ತೀರಿ. ಇಬ್ಬರಿಗೂ ಇದು ಗೊತ್ತು.

ನೀವು ನನ್ನನ್ನು ಮರೆತಿರಿ ಅಂತ ತಪ್ಪಿತಸ್ಥರ ಹಾಗೆ ಬರೆದಿದ್ದೀರಿ. ಓದಿ ನನಗೆ ನೋವಾಯಿತು, ನಿಜ ಹೇಳುತ್ತೇನೆ. ಒಂದು ದಿನ ಪೂರ್ತಿ ನೋವಿತ್ತು. ಆಮೇಲೆ ಯೋಚಿಸಿದೆ. ನಾನು ಹುಟ್ಟಿದಾಗಿನಿಂದ ನೀವು ನನ್ನನ್ನು ಒಂದು ದಿನವೂ ಮರೆತವರಲ್ಲ. ಬಸ್ಸು ಎಲ್ಲಿ ಕೆಟ್ಟು ನಿಂತರೂ ನಾನು ಮಲಗುವ ಮೊದಲು ಮನೆಗೆ ಸುದ್ದಿ ಮುಟ್ಟಿಸಿದವರು. ಅಂಥವರು ಎರಡು ನಿಮಿಷ ಮರೆತರೆ ನನ್ನ ಗಂಟೇನು ಹೋಗುತ್ತದೆ? ಮರೆಯಿರಿ. ಮಗಳಾಗಿ ಹೇಳುತ್ತಿದ್ದೇನೆ, ಆ ಎರಡು ನಿಮಿಷ ನನ್ನ ಕಡೆಯಿಂದ ನಿಮಗೆ.

ಹೆದರಿಕೆ ನನಗಿದೆ. ಹೋಗುವುದಿಲ್ಲ ಅದು. ನೀವೂ ಇಲ್ಲದ ಮನೆ ಹೇಗಿರುತ್ತದೆ ಅಂತ ಅವ್ವ ಹೋದ ರಾತ್ರಿಯಿಂದ ಲೆಕ್ಕ ಹಾಕುತ್ತಾ ಕೂತವಳು ನಾನು. ಆದರೆ ಅದು ನನ್ನ ಹೆದರಿಕೆ. ಅದನ್ನು ನಾನೇ ಇಟ್ಟುಕೊಳ್ಳುತ್ತೇನೆ, ನಿಮ್ಮ ಗಾಡಿಗೆ ಹತ್ತಿಸುವುದಿಲ್ಲ.

ಪುಣೆ ರೇಸಿನ ಐತವಾರ ಬೆಳಗಿನ ಡ್ಯೂಟಿ ಕೇಳಿ ಹಾಕಿಸಿಕೊಂಡಿದ್ದೇನೆ. ಈ ಸಲ ಮುಖ ತಪ್ಪಿಸಲು ಅಲ್ಲ. ಹೋಗಿ ಬನ್ನಿ ಪಪ್ಪಾ.

ನಿಮ್ಮ ಮಗಳು
ಕರುಣಾ

ಭಾಲ್ಕಿ
9 ಫೆಬ್ರವರಿ 2025

ಕರುಣಾ,

ಬರುತ್ತೇನೆ ಅಂತ ಪುಣೆಗೆ ತಿಳಿಸಿದೆ.

ನಿನ್ನ ಪತ್ರವನ್ನು ಸತ್ಯವೇದದಲ್ಲಿ ಇಟ್ಟಿದ್ದೇನೆ.

ಪಪ್ಪಾ

ಬೀದರ, ನಿಮ್ಮ ಆಸ್ಪತ್ರೆಯ ಮುಂದೆ
24 ಫೆಬ್ರವರಿ 2025

ಕರುಣಾ ಮಗಳೇ,

ಇದನ್ನು ಗೇಟಿನ ವಾಚಮನ್ ಕೈಲಿ ಒಳಗೆ ಕಳಿಸುತ್ತಿದ್ದೇನೆ. ನೀನು ಡ್ಯೂಟಿಯಲ್ಲಿದ್ದೀಯಂತೆ, ಸಂಜೆಯವರೆಗೆ ಬಿಡುವುದಿಲ್ಲವಂತೆ. ಗಾಬರಿಯಾಗಬೇಡ, ನಾನು ಪೇಶಂಟ್ ಆಗಿ ಬಂದಿಲ್ಲ.

ರೇಸಿನಲ್ಲಿ ಕೊನೆಯಿಂದ ಎರಡನೆಯವನು ನಾನು. ಕೊನೆಯವರ ಗಾಡಿ ಹೊರಡಲೇ ಇಲ್ಲ, ಪಾಪ. ಅಲ್ಲಿಗೆ ಬಂದವರೆಲ್ಲ ದೊಡ್ಡ ದೊಡ್ಡ ಊರಿನವರು, ಗಾಡಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ನಮ್ಮ ಮಾರುತಿಯನ್ನು ನೋಡಿ ಒಬ್ಬರು ಇದು ಯಾವ ಕಾಲದ್ದು ಅಂದರು. ಮಹಮೂದಾ ಬೇಗಂ ಬಿಡುವವರೇ, “ನಿಮ್ಮಪ್ಪಾಜಿ ಸಾಲಿಗಿ ಹೋಗೂ ಕಾಲದ್ದು” ಅಂದರು. ಸೋತದ್ದಕ್ಕೆ ನನಗಿಂತ ಅವರಿಗೆ ಬೇಸರ. ಅವರ ತಂಗಿ ಪುಣೆಯಲ್ಲಿದ್ದಾರೆ, ಒಂದು ವಾರ ಇದ್ದ ಮೇಲೆ ತಂಗಿಯ ಮಗ ಕಾರು ಓಡಿಸಿಕೊಂಡು ಕರೆತರುತ್ತಾನಂತೆ. ನಾನು ನಿನ್ನೆ ಸಂಜೆ ಒಬ್ಬನೇ ಬಸ್ಸು ಹತ್ತಿದೆ.

ಓಟದ ಬಗ್ಗೆ ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಕೂಡಿಸಬೇಕು ಅಂದುಕೊಂಡಿದ್ದೆ. ಏನೂ ಕೂಡಿಸಲಿಲ್ಲ. ಇಷ್ಟು ಹೇಳುತ್ತೇನೆ. ಎರಡೂ ಓಟ ಪೂರ್ತಿ ಓಡಿಸಿದೆ, ಎಲ್ಲೂ ನಿಲ್ಲಿಸಲಿಲ್ಲ. ಇಳಿದಾಗ ನಗುತ್ತಿದ್ದೆ. ಯಾರೋ ಹುಡುಗರು ಬಂದು ಕೈ ಕುಲುಕಿದರು. ಆಗ ನೀನು ನೆನಪಾದೆ. ಒಮ್ಮೆಗೇ, ಪೂರ್ತಿ ನೆನಪಾದೆ. ಮರೆತು ಹೋದದ್ದು ಯಾವುದೂ ಕಳೆದು ಹೋಗಿರಲಿಲ್ಲ.

ಈಗ ಮುಖ್ಯ ಸುದ್ದಿ. ನಾನು ಬೇರೆ ಡ್ರೈವರನ ಗಾಡಿಯಲ್ಲಿ ಯಾವತ್ತೂ ನಿದ್ದೆ ಮಾಡಿದವನಲ್ಲ. ಅವನು ಬ್ರೇಕು ಒತ್ತಿದರೆ ನನ್ನ ಕಾಲೂ ಒತ್ತುತ್ತದೆ, ಅವನು ತಿರುಗಿಸಿದರೆ ನನ್ನ ಹೆಗಲೂ ತಿರುಗುತ್ತದೆ. ನಿಮ್ಮವ್ವನಿಗೆ ಗೊತ್ತಿತ್ತು, ಬಸ್ಸಿನಲ್ಲಿ ಕೂತರೆ ನನ್ನ ಪಕ್ಕ ಕೂರಲು ಒಲ್ಲೆ ಅನ್ನುತ್ತಿದ್ದಳು. ನಿನ್ನೆ ಸೋಲಾಪುರ ದಾಟಿದ್ದು ನೆನಪಿದೆ, ಅಷ್ಟೇ. ಡ್ರೈವರ ಯಾರೋ ಹುಡುಗ, ಅವನ ಮುಖವನ್ನೂ ನಾನು ನೋಡಿರಲಿಲ್ಲ. ಕಿಟಕಿಗೆ ತಲೆ ಕೊಟ್ಟು, ಬಾಯಿ ತೆರೆದುಕೊಂಡು ಮಲಗಿಬಿಟ್ಟೆ ಮಗಾ. ಬೆಳಿಗ್ಗೆ ಕಂಡಕ್ಟರ ಭುಜ ಅಲುಗಿಸಿದ. “ಅಜ್ಜಾ, ಭಾಲ್ಕಿ ತಿಕೀಟು ತಗೊಂಡೀರಿ, ಬೀದರ ಬಂತು. ಭಾಲ್ಕಿಯಾಗ ಎಬ್ಬಿಸ್ದೆ, ಏಳಲಿಲ್ರಿ.” ಸ್ಯಾಮ್ಯುಯೆಲ ಡ್ರೈವರ ತನ್ನ ಸ್ಟಾಪು ತಪ್ಪಿಸಿಕೊಂಡ ಅಂತ ಕುತುಬೋದ್ದೀನನಿಗೆ ಗೊತ್ತಾದರೆ ನಾನು ಡಿಪೋ ಮುಂದೆ ತಲೆ ಎತ್ತಿ ಓಡಾಡುವ ಹಾಗಿಲ್ಲ.

ಮೂವತ್ತು ವರ್ಷ ಊರೂರ ಜನರನ್ನು ಅವರ ಮಕ್ಕಳ ಹತ್ತಿರ ಮುಟ್ಟಿಸಿದೆ. ಇವತ್ತು ಯಾರೋ ಒಬ್ಬ ಹುಡುಗ, ನಾನು ಮಲಗಿದ್ದಾಗ, ನನ್ನನ್ನು ನನ್ನ ಮಗಳ ಹತ್ತಿರ ಮುಟ್ಟಿಸಿದ್ದಾನೆ.

ಅವಸರ ಮಾಡಬೇಡ, ನಿನ್ನ ಪೇಶಂಟುಗಳನ್ನು ನೋಡಿಕೊಂಡೇ ಬಾ. ಗೇಟಿನ ಎದುರು ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೇನೆ. ಹಸಿವಾಗಿದೆ, ಆದರೆ ನೀನು ಬಂದ ಮೇಲೆಯೇ ಊಟ.

ನಿನ್ನ
ಪಪ್ಪಾ